ಮಗ್ಗ ನಿಂತ ಮಧ್ಯಾಹ್ನ

ಆ ಮಧ್ಯಾಹ್ನ ಮಗ್ಗ ನಿಂತದ್ದು ನನ್ನ ಹೆಂಡತಿಗಾಗಿಯೋ, ಕರೆಂಟು ಹೋದದ್ದರಿಂದಲೋ ಎಂಬುದು ನನಗೆ ಬಹಳ ಕಾಲ ಖಚಿತವಿರಲಿಲ್ಲ. ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ; ಅದು ತನಗೆ ಬೇಕಾದದ್ದನ್ನು ಸದ್ದಿಲ್ಲದೆ ಸೇರಿಸಿಕೊಳ್ಳುತ್ತದೆ.

ತೊಂಬತ್ತರ ದಶಕದ ಆರಂಭ. ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಧಾರವಾಡದಿಂದ ಬಂದಿದ್ದೆವು. ಮೊದಲ ಬೆಳಿಗ್ಗೆ ಎಚ್ಚರವಾದಾಗ ನೆಲ ನಡುಗುತ್ತಿತ್ತು. ತಂಬಿಗೆಯ ನೀರಿನಲ್ಲಿ ಸಣ್ಣ ಉಂಗುರಗಳೇಳುತ್ತಿದ್ದವು. ಗೋಡೆಯಾಚೆ ಮನೆಯೊಡೆಯ ನಂಜಪ್ಪನವರ ವಿದ್ಯುತ್ ಮಗ್ಗಗಳು ಸೀರೆ ನೇಯುತ್ತಿದ್ದವು. ಧಾರವಾಡದ ಗೆಳೆಯರೇ, ನಿಮ್ಮಲ್ಲಿ ಬೆಳಗು ಮೆಲ್ಲಗೆ ಬರುತ್ತದೆ. ಇಲ್ಲಿ ಊರೇ ಒಂದು ದೊಡ್ಡ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ಬಸುರಿ ಹೆಂಡತಿ ಶಾರದೆಗೆ ಆಗ ಎರಡು ತಿಂಗಳು ತುಂಬಿತ್ತು. ರೊಟ್ಟಿ ತಿಂದು ಬೆಳೆದವಳು ಮುದ್ದೆಯನ್ನು ಅಗಿಯದೆ ನುಂಗಲು ಎರಡೇ ದಿನದಲ್ಲಿ ಕಲಿತಳು. ಎದೆಯ ನೋವಿಗೆ ಮಾತ್ರ ಸೋತಳು. ಮೊಲೆಗಳು ಬಿಗಿದು, ಸೆರಗು ಸೋಕಿದರೂ ಮುಖ ಕಿವುಚುತ್ತಿದ್ದಳು. ಮಗ್ಗದ ಅದುರು ನೆಲದಿಂದ ಚಾಪೆಗೆ, ಚಾಪೆಯಿಂದ ಮೈಗೆ ಏರುತ್ತದೆ ಎನ್ನುತ್ತಿದ್ದಳು. ನಾನು ಪುಸ್ತಕ ನೋಡಿ, ಬಸುರಿನಲ್ಲಿ ಇದು ಸಹಜ ಎಂದೆ. ಬಿಗಿಯಾಗಿದ್ದರೆ ಅಲುಗದು, ಅಲುಗದಿದ್ದರೆ ನೋಯದು ಎಂದು ತರ್ಕಿಸಿ, ಹೊಸ ಬಟ್ಟೆ ತಂದು ಮೈಗಂಟುವಂತೆ ಕುಪ್ಪಸ ಹೊಲಿಸಿಕೊಟ್ಟೆ. ಅವಳು ಗಂಟೆಯೊಳಗೆ ಅದನ್ನು ಬಿಚ್ಚಿಟ್ಟಳು.

"ನಾ ಊರಿಗೆ ಹೋಗ್ತೀನ್ರಿ. ಇಲ್ಲಿ ನಿದ್ದಿನ ಹತ್ತವಲ್ದು."

ಹೋದರೆ ಹೆರಿಗೆಯಾಗಿ, ಕೂಸು ತೆವಳುವವರೆಗೂ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಂಜಪ್ಪನವರ ಹೆಂಡತಿ ಗೌರಮ್ಮ ಮೊರ ಹಿಡಿದು ಬಂದವರು ಅವಳನ್ನೇ ನೋಡಿದರು. "ಏನಮ್ಮಾ, ಎದೆ ಮೇಲೆ ಕೈ ಕಟ್ಕೊಂಡೇ ಓಡಾಡ್ತೀಯ. ಚಳಿನಾ?"

"ಥಂಡಿ ಅಲ್ರಿ. ನೋಯ್ತದ."

ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಕುಪ್ಪಸವನ್ನು ಗೌರಮ್ಮ ಬೆರಳಲ್ಲಿ ಉಜ್ಜಿದರು. ಎಳೆ ಕಡಿಯದಿರಲೆಂದು ನೇಯುವ ಮೊದಲು ನೂಲಿಗೆ ಹಾಕುವ ಗಂಜಿ ಇನ್ನೂ ಅದರಲ್ಲಿತ್ತು. "ಹಲಗೆ ಇದ್ದಂಗಿದೆ. ಮೇಷ್ಟ್ರೇ, ನೀವೇ ಒಂದಿನ ಇದನ್ನ ತೊಟ್ಕೊಂಡು ಕಾಲೇಜಿಗೆ ಹೋಗ್ಬನ್ನಿ, ಗೊತ್ತಾಗುತ್ತೆ." ಆಮೇಲೆ ಶಾರದೆಗೆ, "ನಾವು ನೇಯೋದು ಹೊಸದಮ್ಮ, ಮೈಗೆ ಹಾಕ್ಕೊಳೋದು ಹಳೇದು" ಎಂದರು.

ಒಗೆದು ಒಗೆದು ಹೂವಿನಂತಾಗಿದ್ದ ಹತ್ತಿ ಸೀರೆ ಹರಿದು, ಕೆಳಗೆ ಅಗಲ ಪಟ್ಟಿ ಕೊಟ್ಟು ಅಂದೇ ಒಂದು ರವಿಕೆ ಹೊಲಿದರು. "ಬಿಗೀಬಾರ್ದು, ಜೋತಾಡ್ಲೂಬಾರ್ದು. ಅಂಗೈಲಿ ಎತ್ತಿ ಹಿಡ್ದಂಗಿರ್ಬೇಕು. ಮಲಗೋವಾಗ್ಲೂ ಹಾಕ್ಕೋ. ಉರಿ ಅನ್ಸಿದ್ರೆ ತಣ್ಣೀರ ಬಟ್ಟೆ ಇಟ್ಕೋ."

ನಾನು ಒಪ್ಪದೆ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದೆ. ಅವರೂ ಅದನ್ನೇ ಹೇಳಿ, ಕೆಲವು ವಾರಗಳಲ್ಲಿ ತಗ್ಗಬಹುದು ಎಂದರು.

ಮರುದಿನ ಕಾಲೇಜಿನಿಂದ ಬಂದಾಗ ಮನೆಯಲ್ಲಿ ಸದ್ದೇ ಇಲ್ಲ. ಜಗಲಿಯ ಮೇಲೆ ಕೂತಿದ್ದ ನಂಜಪ್ಪನವರು ಕೈ ಎತ್ತಿ ತಡೆದರು. "ಕರೆಂಟಿಲ್ಲ ಮೇಷ್ಟ್ರೇ. ಒಳಗೆ ಹೋಗ್ಬೇಡಿ, ಮಗಳು ಮಲಗವ್ಳೆ." ಶಾರದೆಯನ್ನು ಅವರು ಹಾಗೆಯೇ ಕರೆಯುತ್ತಿದ್ದರು.

ನಾನೂ ಅವರ ಪಕ್ಕ ಕೂತೆ. ಮಗ್ಗದ ಮನೆಯ ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ನೂಲಿನ ಧೂಳು ತೇಲುತ್ತಿತ್ತು. ಅರ್ಧ ನೇಯ್ದ ಹಸಿರು ಸೀರೆ ಉಸಿರು ಹಿಡಿದಂತೆ ನಿಂತಿತ್ತು. ಪಕ್ಕದ ಬೀದಿಯ ಮಗ್ಗಗಳ ಸದ್ದು ಬರುತ್ತಿತ್ತೇ? ಎಷ್ಟು ಕಿವಿಗೊಟ್ಟರೂ ನನ್ನ ನೆನಪಿನಲ್ಲಿ ಅದು ಕೇಳಿಸುವುದಿಲ್ಲ. ಶಾರದೆ ಸಂಜೆಯವರೆಗೆ ಮಲಗಿದ್ದಳು. ಎದ್ದವಳು ಊರಿನ ಮಾತೆತ್ತಲಿಲ್ಲ. ಏಳನೇ ತಿಂಗಳವರೆಗೂ ಎತ್ತಲಿಲ್ಲ.

ಈಗ ನಾವು ಧಾರವಾಡಕ್ಕೆ ಬಂದರೆ ನಮ್ಮ ಮಾತು ಕೇಳಿ ನೀವು ಬೆಂಗಳೂರ ಕಡೆಯವರು ಎನ್ನುತ್ತೀರಿ. ಇಲ್ಲಿ ನಾನಿನ್ನೂ ಧಾರವಾಡದ ಮೇಷ್ಟ್ರು. ಎರಡೂ ಸುಳ್ಳಲ್ಲ, ಎರಡೂ ಪೂರ್ತಿಯಲ್ಲ.

ಶಾರದೆಯನ್ನು ಕೇಳಿದರೆ, "ನಿದ್ದಿ ಬಂದಿತ್ತು, ಅಷ್ಟ ನೆನಪೈತಿ" ಎನ್ನುತ್ತಾಳೆ. ಕಳೆದ ಸಲ ಊರಿಗೆ ಹೋಗಿದ್ದಾಗ ಅವಳ ಅಕ್ಕ ಹಳೆಯ ಪತ್ರಗಳ ಕಟ್ಟು ಬಿಚ್ಚಿದರು; ಮಗ್ಗ ನಿಂತ ದಿನ ಸಂಜೆ ಶಾರದೆ ಬರೆದ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು: "ಇವತ್ತ ಮಗ್ಗ ನಿಂತಿದ್ದವು. ತಲಿ ಮ್ಯಾಲೆ ಫ್ಯಾನ್ ತಿರಗತಿತ್ತು, ಅದನ್ನ ನೋಡಿಕೋಂತ ನಿದ್ದಿ ಹೋದೆ."

ಕರೆಂಟು ಇತ್ತು.