ಕಳೆಯದ ವಹಿ

ಮಂಗಲಾ, ಶ್ರೀಧರ — ನಾನು ಶಾಲೆಯಲ್ಲಿ ಬರೆದ ಆ ವಹಿ ಕಳೆದಿರಲಿಲ್ಲ. ನನ್ನ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಸೀರೆಯ ಕೆಳಗೆ ಇತ್ತು. ಕಳೆದಿದೆ ಎಂದು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಮ್ಮ ಇತಿಹಾಸದ ಅಕ್ಕೋರು ಕೆಲಸ ಕಳೆದುಕೊಂಡರು.

ಇದನ್ನು ಮೊದಲೇ ಬರೆದುಬಿಟ್ಟೆ. ಹಿಂದೆ ಮುಂದೆ ನೋಡುತ್ತ ಕುಳಿತರೆ ನಿಮ್ಮ ಈ ಮುದುಕಿ ಅಜ್ಜಿ ಮತ್ತೆ ಬೇರೆ ಮಾತಿಗೆ ಹೊರಳುತ್ತಾಳೆ. ಇಷ್ಟು ವರ್ಷ ಹಾಗೇ ಹೊರಳಿದ್ದಾಳೆ.

ಮಂಗಲಾ, ಹೋದ ತಿಂಗಳು ನಿನ್ನ ಹೈಸ್ಕೂಲಿನಲ್ಲಿ ಮನೆಯ ಹಿರಿಯರ ಬಗ್ಗೆ ಪ್ರಬಂಧ ಬರೆಯಲು ಹೇಳಿದಾಗ ನೀನು ನನ್ನ ತುಂಗಕ್ಕೋರ ಕಥೆ ಬರೆದೆ. ಪರಕೀಯರ ಆಳ್ವಿಕೆಯಲ್ಲಿ ಹೆದರದೆ ಮಕ್ಕಳಿಗೆ ನಿಜವಾದ ಇತಿಹಾಸ ಕಲಿಸಿ, ಅದಕ್ಕಾಗಿ ನೌಕರಿ ಕಳೆದುಕೊಂಡ ಧೀರ ಶಿಕ್ಷಕಿ — ಹೀಗೆ. ಬಹುಮಾನ ಬಂತು. ನೀನು ಅದನ್ನು ಓದಿ ತೋರಿಸಿದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಭಿಮಾನಕ್ಕೆ ಅತ್ತಳು ಎಂದುಕೊಂಡಿರಿ ನೀವು. ಆ ಕಥೆ ನಿನಗೆ ಹೇಳಿದವಳು ನಾನೇ. ಅದರಲ್ಲಿ ಊರು, ಶಾಲೆ, ಹೆಸರು ಎಲ್ಲವೂ ಖರೆ. ನಡೆದದ್ದು ಮಾತ್ರ —

ಹೇಳುತ್ತೇನೆ.

ನಾನು ಮೊದಲು ಕಲಿತದ್ದು ಕಿತ್ತೂರಿನ ಹತ್ತಿರದ ನಮ್ಮ ಹಳ್ಳಿಯ ಸಾಲಿಯಲ್ಲಿ. ಅಕ್ಷರ ಚೆನ್ನಾಗಿವೆ ಎಂದು ಮಾಸ್ತರರು ಅಪ್ಪನ ಬೆನ್ನು ಹತ್ತಿ, ನನ್ನನ್ನು ಧಾರವಾಡದ ಹುಡುಗಿಯರ ಹೈಸ್ಕೂಲಿಗೆ ಕಳಿಸಿದರು. ಸೋದರಮಾವನ ಮನೆಯಲ್ಲಿದ್ದು ಓದಿದೆ — ಒಂದು ವರ್ಷವೂ ತುಂಬಲಿಲ್ಲ. ಚಲೇಜಾವ್ ಚಳವಳಿಯ ಮರುವರ್ಷ ಅದು. ಪೇಟೆಯಲ್ಲಿ ಹರತಾಳ ನಿಂತಿದ್ದರೂ ದೊಡ್ಡವರು ಮೆಲ್ಲಗೆ ಮಾತಾಡುತ್ತಿದ್ದರು. ಶಾಲೆಯ ಮೇಲೆ ಸರಕಾರದ ಕಣ್ಣಿತ್ತು.

ತುಂಗಕ್ಕೋರು ನಮಗೆ ಹಿಂದೂಸ್ತಾನದ ಇತಿಹಾಸ ಹೇಳಿಕೊಡುತ್ತಿದ್ದರು. ಬಾಲವಿಧವೆ. ಯಾರದೋ ಪುಣ್ಯದಿಂದ ಓದಿ, ತರಬೇತಿ ಮುಗಿಸಿ, ಸಪ್ತಾಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಕಣ್ಣು ಮಂಜಾದ ತಾಯಿಯನ್ನು ಸಾಕುತ್ತಿದ್ದರು. ಧೀರರು ಎಂದು ಅವರನ್ನು ಕಂಡು ಯಾರೂ ಹೇಳುತ್ತಿರಲಿಲ್ಲ. ಗಂಟೆ ಹೊಡೆಯುವ ಮೊದಲೇ ವರ್ಗದ ಬಾಗಿಲಲ್ಲಿ ನಿಂತಿರುತ್ತಿದ್ದರು, ದೊಡ್ಡಕ್ಕೋರು — ಅಂದರೆ ಮುಖ್ಯಾಧ್ಯಾಪಕಿ — ಎದುರು ಬಂದರೆ ಗೋಡೆಗೆ ಸರಿಯುತ್ತಿದ್ದರು. ಆದರೆ ಪಾಠಕ್ಕೆ ನಿಂತಾಗ ಒಂದು ಮಾತು ತಪ್ಪದೆ ಕೇಳುತ್ತಿದ್ದರು. ಯಾವ ಹುಡುಗಿ ಏನು ಉತ್ತರ ಕೊಟ್ಟರೂ, "ಯಾರು ಹೇಳ್ಯಾರ? ಪುಸ್ತಕಾನೋ, ಮಂದೀನೋ, ನಿನ್ನ ತಲೀನೋ? ಅದನ್ನ ಮೊದಲ ಹೇಳು." ನಾವು ಹಿಂದಿನ ಬೆಂಚಿನಲ್ಲಿ ಆ ಮಾತನ್ನು ಅಣಕಿಸಿ ನಗುತ್ತಿದ್ದೆವು.

ಅಷ್ಟು ದಪ್ಪ ಪುಸ್ತಕದಲ್ಲಿ ನಮ್ಮ ಕಡೆಯ ಸಂಗತಿ ಒಂದೇ ಸಾಲಿನಷ್ಟಿತ್ತು — ಕಿತ್ತೂರಿನ ಬಂಡು ಎದ್ದದ್ದು, ಅದನ್ನು ಅಡಗಿಸಿದ್ದು. ಬಂಡು ಎಂದರೆ ಒಡೆಯನ ಮೇಲೆ ಆಳು ತಿರುಗಿಬಿದ್ದಂತೆ. ನಮ್ಮ ಆಯಿ, ನನ್ನ ಅಪ್ಪನ ತಾಯಿ, ಆ ಶಬ್ದ ಕೇಳಿದರೆ ಬೀಸುವುದನ್ನು ನಿಲ್ಲಿಸುತ್ತಿದ್ದಳು. ಅವಳ ಅಜ್ಜ ಕಿತ್ತೂರು ಕೋಟೆಯ ಬಾಗಿಲಲ್ಲಿ ಸತ್ತವನು. "ಮನಿ ಮಾಲಕ ತನ್ನ ಬಾಗಲಾ ತಾ ಹಾಕ್ಕೊಂಡ್ರ ಅದು ಬಂಡೇನ? ಕಾಳಗ ಅನ್ನವಾ. ಇಬ್ಬರೂ ಎದರಾಬದರ ನಿಂತು ಹೊಡದಾಡಿದ್ದು." ಹೀಗೆಂದು ಮತ್ತೆ ಬೀಸುಕಲ್ಲಿನ ಗೂಟ ಹಿಡಿದು ಅದೇ ಕಾಳಗದ ಪದ ಹಾಡುತ್ತಿದ್ದಳು. ಅವಳಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಇದನ್ನು ನಾನು ನಂಬಿಕೆಯಿಂದ ಕಮಲಾ ಎಂಬ ವಕೀಲರ ಮಗಳಿಗೆ ಹೇಳಿದೆ. ಮರುದಿನ ವರ್ಗದ ತುಂಬ ಸುದ್ದಿ. "ಏನಬೇ, ನಿಮ್ಮೂರಾಗ ಇತಿಹಾಸಾನೂ ಬೀಸೂಕಲ್ಲಿನಾಗ ಬೀಸ್ತಾರಂತಲ್ಲ? ಸಣ್ಣಗ ಬೀಸ್ತಾರೋ, ತರಿತರಿ ಬಿಡ್ತಾರೋ?" ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅಂದಿನಿಂದ ಆಯಿಯ ಹೆಸರನ್ನು ಶಾಲೆಯಲ್ಲಿ ಎತ್ತಲಿಲ್ಲ.

ನಮಗೆ ಎರಡೆರಡು ವಹಿಗಳಿದ್ದವು. ಕಚ್ಚಾ ವಹಿಯಲ್ಲಿ ಮೊದಲು ಬರೆಯುವುದು, ಅಕ್ಕೋರು ಕೆಂಪು ಶಾಯಿಯಲ್ಲಿ ತಿದ್ದುವುದು, ಆಮೇಲೆ ಅದನ್ನು ಪಕ್ಕಾ ವಹಿಗೆ ಶುದ್ಧವಾಗಿ ಇಳಿಸುವುದು. ಶಾಲೆ ತಪಾಸಿಸುವ ಇನ್ಸ್ಪೆಕ್ಟರರು ಬಂದಾಗ ತೋರಿಸುವುದು ಪಕ್ಕಾ ವಹಿ. ಕಚ್ಚಾ ವಹಿಯಲ್ಲಿ ನಾನು ಕಿತ್ತೂರಿನ ಕಾಳಗ ಎಂದು ಬರೆದಿದ್ದೆ. ತುಂಗಕ್ಕೋರು ಕಾಳಗದ ಮೇಲೆ ಕೆಂಪು ಗೆರೆ ಎಳೆದು ಬಂಡು ಎಂದು ಬರೆದರು. ಪಕ್ಕದ ಅಂಚಿನಲ್ಲಿ ಸಣ್ಣದಾಗಿ: "ಯಾರು ಹೇಳಿದ್ದು?" ವಹಿ ಕೊಡುವಾಗ ನನ್ನನ್ನೊಬ್ಬಳನ್ನೇ ಕರೆದು ಅಂದರು, "ಪುಸ್ತಕದಾಗ ಇದ್ದಂಗ ಬರಿಯವಾ. ದಿನಾ ಛಲೋ ಇಲ್ಲ. ಮನ್ಯಾಗ ಏನರ ಅನ್ಕೋ, ವಹಿಯಾಗ ಬ್ಯಾಡ."

ಪಕ್ಕಾ ವಹಿಗೆ ಇಳಿಸಲು ಕುಳಿತಾಗ ಬಂಡು ಎಂದು ಬರೆಯಲು ಕೈ ಏಳಲಿಲ್ಲ. ಆಯಿಯನ್ನು ನಾಲ್ಕು ಜನರ ಎದುರು ಬಾಯಿಂದ ಬಿಟ್ಟುಕೊಟ್ಟಿದ್ದೆ, ಕೈಯಿಂದಾದರೂ... ಗೊತ್ತಿಲ್ಲ. ಕಾಳಗ ಎಂದೇ ಬರೆದೆ, ದುಂಡಗೆ, ಅಲಂಕಾರ ಮಾಡಿ. ಅಕ್ಕೋರು ನೋಡಲಿಲ್ಲ. ನನ್ನ ಅಕ್ಷರದ ಮೇಲೆ ಅವರಿಗೆ ಅಷ್ಟು ಭರವಸೆ. ಇನ್ಸ್ಪೆಕ್ಟರರು ಬರುವ ದಿನ ನನ್ನ ವಹಿಯನ್ನು ತೆರೆಯದೆಯೇ ರಾಶಿಯ ಎಲ್ಲಕ್ಕಿಂತ ಮೇಲೆ ಇಟ್ಟರು.

ಇನ್ಸ್ಪೆಕ್ಟರರು ನಮ್ಮ ಕಡೆಯವರೇ, ರುಮಾಲು ಸುತ್ತಿದ್ದ ಸೌಮ್ಯ ಮನುಷ್ಯ. ಮೇಲಿನ ವಹಿ ತೆಗೆದು ಹಾಳೆ ಹೊರಳಿಸಿದರು. "ಅಕ್ಷರ ಮುತ್ತಿನಂಗ ಅದಾವಲ್ಲ, ಯಾರದಿದು?" ನಾನು ಎದ್ದು ನಿಂತೆ. ಇನ್ನೆರಡು ಹಾಳೆ ಹೊರಳಿತು. ಬೆರಳು ಒಂದು ಕಡೆ ನಿಂತಿತು. "ಕಾಳಗ? ಇದನ್ನ ಯಾರು ಹೇಳ್ಯಾರ?"

ನಾನು ಅಂದೆ, "ಹೇಳ್ಯಾರ್ರಿ."

ಅಷ್ಟೇ. ನಮ್ಮ ಮಾತಿನ ರೀತಿ ನಿಮಗೆ ಗೊತ್ತಲ್ಲ. ಹೆಸರು ಹಿಡಿಯದೆ ಹೇಳ್ಯಾರ ಎಂದರೆ ಹಿಂದಿನ ಹಿರಿಯರು ಹೇಳಿದ್ದಾರೆ ಎಂದೂ ಆಗುತ್ತದೆ, ಮರ್ಯಾದೆಗೆ ಹೆಸರು ಬಿಟ್ಟು ಎದುರಿಗಿರುವ ದೊಡ್ಡವರೊಬ್ಬರು ಹೇಳಿದ್ದಾರೆ ಎಂದೂ ಆಗುತ್ತದೆ. ಬಾಯಿ ತೆರೆದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆಯಿ. ಆದರೆ ಇನ್ಸ್ಪೆಕ್ಟರರ ಕಣ್ಣು ತುಂಗಕ್ಕೋರ ಕಡೆಗೆ ಹೋದದ್ದನ್ನು ನಾನು ಕಂಡೆ. ನಮ್ಮ ಆಯಿ ಹೇಳ್ಯಾಳ್ರಿ ಎಂದರೆ ಸಾಕಿತ್ತು. ಕಮಲಾ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮತ್ತೆ ಆ ಬೀಸುಕಲ್ಲು, ಮತ್ತೆ ಆ ನಗೆ... ನಾನು ಕುಳಿತುಬಿಟ್ಟೆ.

ಇದು ಬಾಯಿ ತಪ್ಪಿದ್ದು ಎಂದಾದರೂ ಇರಲಿ. ಮುಂದಿನದು ಹಾಗಲ್ಲ.

ಮರುದಿನ ದೊಡ್ಡಕ್ಕೋರು ತಮ್ಮ ಖೋಲಿಗೆ ಕರೆಸಿದರು. ತುಂಗಕ್ಕೋರು ಗೋಡೆಗೆ ಒತ್ತಿ ನಿಂತಿದ್ದರು. ಮುಖ ಬಿಳಿಚಿತ್ತು. "ನಾ ಬಂಡು ಅಂತನ ಕಲಿಸೇನಿ, ತಿದ್ದೇನಿ ಸುದ್ದಾ," ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಈಕಿ ಕಚ್ಚಾ ವಹಿ ತರಸ್ರಿ. ಕೆಂಪ ಶಾಯಿ ಐತಿ ಅದರಾಗ. ನೋಡ್ರಿ ನೀವ."

ದೊಡ್ಡಕ್ಕೋರು ನನ್ನ ಕಡೆ ತಿರುಗಿದರು. "ಎಲ್ಲೈತಿ ವಹಿ?"

ವಹಿ ತಂದರೆ ನಾನು ಬೇಕೆಂದೇ ಅಕ್ಕೋರ ತಿದ್ದುಪಡಿ ಮೀರಿ ಬರೆದವಳು ಎಂದಾಗುತ್ತದೆ. ಶಾಲೆಯಿಂದ ಹೆಸರು ತೆಗೆದರೆ? ಯಾರು ಹೇಳಿದ್ದು ಎಂಬ ಅಂಚಿನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಇಷ್ಟೂ ಒಂದು ಉಸಿರಿನಲ್ಲಿ ಹೊಳೆಯಿತು. ಹದಿನಾಲ್ಕರ ಹುಡುಗಿಗೆ ಏನು ತಿಳಿಯುತ್ತದೆ ಎನ್ನಬೇಡಿ. ಎಲ್ಲ ತಿಳಿದಿತ್ತು.

"ಕಳದೈತ್ರಿ."

ತುಂಗಕ್ಕೋರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಪಾಠದಲ್ಲಿ ತಪ್ಪು ಉತ್ತರ ಕೊಟ್ಟಾಗ, ಇನ್ನೊಮ್ಮೆ ವಿಚಾರ ಮಾಡು ಎಂದು ಕಾಯುತ್ತಿದ್ದರಲ್ಲ, ಹಾಗೆ ಕಾದರು. "ಛಂದಂಗ ಹುಡಿಕಿಯೇನವಾ?" ಎಂದರು. ನಾನು ನೆಲ ನೋಡಿದೆ. "ಹುಡಿಕೇನ್ರಿ. ಇಲ್ರಿ."

ವಾರ ಕಳೆಯುವುದರೊಳಗೆ ಅವರು ಶಾಲೆಗೆ ಬರುವುದು ನಿಂತಿತು. ಬೇರೆ ಅಕ್ಕೋರು ಬಂದರು, ಪುಸ್ತಕ ಓದಿಸಿ ಗೆರೆ ಹೊಡೆಸಿದರು. ಯಾರು ಹೇಳ್ಯಾರ ಎಂದು ಯಾರೂ ಕೇಳಲಿಲ್ಲ.

ಅದೇ ಬೇಸಿಗೆ ನನ್ನ ಲಗ್ನವಾಯಿತು. ಹುಬ್ಬಳ್ಳಿಗೆ, ಕೇಶ್ವಾಪುರದ ಈ ಮನೆಗೆ ಬಂದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಹಪ್ಪಳ ಬೇಕೇನ್ರಿ ಎಂಬ ಕೂಗು. ಹೋಗಿ ನೋಡಿದರೆ ತುಂಗಕ್ಕೋರು. ಬೆತ್ತದ ಬುಟ್ಟಿ, ಬಿಸಿಲಿಗೆ ಕಂದಿದ ಮುಖ. ಗುರುತು ಹಿಡಿದರು.

"ಓದೂದು ನಡದೈತೇನವಾ?"

"ಇಲ್ರಿ. ಲಗ್ನಾತ್ರಿ."

"ಛಲೋ ಆತು." ಹಪ್ಪಳ ಎಣಿಸಿ ನನ್ನ ಕೈಗೆ ಇಟ್ಟರು. ಅವರ ತಾಯಿ ಹೇಗಿದ್ದಾರೆ ಎಂದು ಕೇಳಲಿಲ್ಲ ನಾನು. ಮೆಟ್ಟಿಲು ಇಳಿದವರು ತಿರುಗಿ ನಿಂತರು. "ಆ ವಹಿ ಸಿಕ್ಕಿತೇನು?"

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಟ್ರಂಕು ಒಳಗಿನ ಕೋಣೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿತ್ತು. ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದರು.

"ಇಲ್ರಿ," ಎಂದೆ.

"ಸಿಕ್ರ ಇಟ್ಕೋ. ಅಕ್ಷರ ಛಲೋ ಇದ್ದೂವು ನಿನ್ನೂವು." ಹೊರಟುಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಎಲ್ಲಿದ್ದಾರೆ ಎಂದು ವಿಚಾರಿಸಲೂ ಇಲ್ಲ.

ಸ್ವಾತಂತ್ರ್ಯ ಬಂತು. ಪುಸ್ತಕಗಳು ಬದಲಾದವು. ಬಂಡು ಎಂಬುದು ಹೋಗಿ ಕಾಳಗ ಎಂದೇ ಅಚ್ಚಾಯಿತು. ನಿಮ್ಮ ಅಪ್ಪ ಶಾಲೆಯಲ್ಲಿ ಆ ಪಾಠ ಓದುವಾಗ ನಾನು ಬಾಯಿ ತಡೆಯದೆ ಅಂದೆ — ನಮ್ಮ ಅಕ್ಕೋರು ಆಗಲೇ ಕಾಳಗ ಅಂತ ಕಲಿಸಿದ್ದರು, ಅದಕ್ಕೇ ನೌಕರಿ ಹೋಯಿತು. ಏಕೆ ಅಂದೆನೋ. ಅವರಿಗೆ ಏನಾದರೂ ತಿರುಗಿ ಕೊಟ್ಟಂತೆ ಅನಿಸಿತು. ಕೇಳಿದವರು ತಲೆದೂಗಿದರು. ಅಂಥವರ ಕೈಯಲ್ಲಿ ಕಲಿತವಳು ಎಂದು ನನ್ನನ್ನೂ ಹೊಗಳಿದರು. ಆ ಹೊಗಳಿಕೆಯನ್ನು ಇಟ್ಟುಕೊಂಡೆ. ನಾನೂ ವಿಧವೆಯಾಗಿ ಈ ಮನೆಯ ಒಂದು ಮೂಲೆಗೆ ಸೇರಿದ ಮೇಲೆಯೇ, ಅವರಿಗೆ ಆ ಕೆಲಸ ಏನಾಗಿತ್ತು ಎಂಬುದು ಅರಿವಿಗೆ ಬಂದದ್ದು. ನನಗೆ ಅನ್ನ ಹಾಕುವವರಿದ್ದರು. ಅವರ ಮನೆಯಲ್ಲಿ ಅನ್ನ ಹಾಕುವವರೇ ಅವರು.

ತುಂಗಕ್ಕೋರು ಧೀರೆಯಾಗಿರಲಿಲ್ಲ, ಮಂಗಲಾ. ಹೆದರಿಕೆಯ ಕಾಲದಲ್ಲಿ ತಾಯಿಗೆ ಗಂಜಿ ಕಾಣಿಸಬೇಕೆಂದು ಜೋಪಾನವಾಗಿ ನಡೆದ ಪ್ರಾಮಾಣಿಕ ಹೆಂಗಸು. ತಾವು ಹೇಳದ ಮಾತಿಗೆ ಶಿಕ್ಷೆ ಉಂಡರು. ಅವರ ಕೆಲಸವನ್ನು ಕಸಿದ ಮೇಲೆ ಅವರಿಗಾದ ಅನ್ಯಾಯವನ್ನೂ ಕಸಿದು ನಾನು ಕಥೆ ಮಾಡಿದೆ. ಕಮಲಾಳಿಗೆ ಹೆದರಿ ಆಯಿಯ ಮಾತನ್ನೂ ಆಯಿಯಿಂದ ಕಸಿದೆ.

ನಾಳೆ ನೀನು ಶಾಲೆಗೆ ಹೋಗಿ ಆ ಪ್ರಬಂಧ ತಪ್ಪು ಎಂದು ಹೇಳಬೇಕು. ಅಜ್ಜಿ ಸುಳ್ಳು ಹೇಳಿದಳು ಎಂದೇ ಹೇಳು. ನಿನಗೆ ನಾಚಿಕೆಯಾಗುತ್ತದೆ, ಗೊತ್ತು. ಬೇಕಾದರೆ ನಾನೂ ಬರುತ್ತೇನೆ. ಗಂಡಸರ ಎದುರು ನನಗೆ ಮಾತು ಬಾರದು, ಆದರೂ ಬಾಗಿಲಲ್ಲಿ ನಿಂತಿರುತ್ತೇನೆ.

ವಹಿ ಇದರ ಜೊತೆಗೇ ಇದೆ. ಹಾಳೆ ಹಳದಿಯಾಗಿದೆ, ಕೆಂಪು ಶಾಯಿ ಕಂದಾಗಿದೆ, ಓದಲು ಬರುತ್ತದೆ. ಅಂಚಿನಲ್ಲಿ ಅಕ್ಕೋರು ಕೇಳಿದ ಪ್ರಶ್ನೆಯ ಕೆಳಗೆ ನಾನು ಇವತ್ತು ಬರೆದಿದ್ದೇನೆ: ನಮ್ಮ ಆಯಿ ಹೇಳಿದ್ದು. ಅಕ್ಷರ ಸೊಟ್ಟಗಾದವು.

ಶ್ರೀಧರ, ಈ ಹಾಳೆಗಳನ್ನು ಆ ವಹಿಯೊಳಗೇ ಇಟ್ಟು ದಾರ ಕಟ್ಟು. ಬೇರೆ ಬೇರೆ ಇಡಬೇಡಿ, ಒಂದನ್ನೇ ಓದಿದವರು ಮತ್ತೆ ತಪ್ಪು ತಿಳಿದಾರು. ಇಲಿ ಬಾರದಲ್ಲಿ, ತೇವವಿಲ್ಲದಲ್ಲಿ ಜೋಪಾನವಾಗಿಡಿ. ಕಳೆದಿದೆ ಎಂದು ಯಾರಿಗೂ ಹೇಳಬೇಡಿ.