ಹನುಮಂತಣ್ಣನ ಮೂರು ಹುಲಿ

ಹನುಮಂತಣ್ಣನಿಗೆ ಬಸ್ಸು ಆಗುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಹತ್ತಿದರೆ ಕಂಬದೂರು ಬರುವುದರೊಳಗೆ ಕಿಟಕಿಯಿಂದ ತಲೆ ಹೊರಗೆ ಹಾಕಿಬಿಡುವನು. ಅಂಥವನು ದಿನಾ ಮಧ್ಯಾಹ್ನ ಮನೆಯ ಜಗಲಿ ಮೇಲೆ ಕುಳಿತೇ ಸೆಟ್ಟೂರು, ಪಾವಗಡ, ಮಡಕಶಿರ, ಪೆನುಕೊಂಡ ಎಲ್ಲಾ ಸುತ್ತಿ ಬರುತ್ತಿದ್ದ. ಜೊತೆಗೆ ಮೂರು ಹುಲಿ ಇರುತ್ತಿದ್ದವು.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹಿಂದೂಪುರದ ಮಗ್ಗದ ಬೀದಿಗೆ ಬಂದಾಗ ನನ್ನ ಕೈಗೆ ಲಾಳಿ ಕೊಟ್ಟವನು ಅವನೇ. ಊಟದ ಹೊತ್ತಿಗೆ ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ನಮ್ಮ ಹುಲಿ-ಕುರಿ ಆಟ. ಅವನವು ಮೂರು ಹುಲಿ, ನನ್ನವು ಹದಿನೈದು ಕುರಿ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಮೂರೂ ಹುಲಿ ಅಲ್ಲಾಡದಂತೆ ಸುತ್ತುಗಟ್ಟಿದರೆ ಕುರಿಯವನು ಗೆದ್ದ ಹಾಗೆ. ನಾನು ಒಂದು ದಿನವೂ ಗೆದ್ದಿರಲಿಲ್ಲ.

"ಯಾಕ್ಲಾ ಅಷ್ಟು ಆತ್ರ? ನೂಲೂ ಹಿಂಗೇ ಹರೀತೀಯ, ಕುರೀನೂ ಹಿಂಗೇ ಕಳೀತೀಯ," ಅನ್ನುತ್ತಾ ನನ್ನ ಕುರಿಯನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುವನು.

ಮುಂದೆ ಅವನು ಹೆಂಡತಿಯ ಊರು ಕಲ್ಯಾಣದುರ್ಗಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟ. ನಾನು ಒಂದು ಮಗ್ಗವನ್ನು ನಾಲ್ಕು ಮಾಡಿದೆ. ಅವನಿಗೆ ಬಸ್ಸಾಗದು, ನನಗೆ ಪುರುಸೊತ್ತಾಗದು. ವರ್ಷಗಳೇ ಮುಖ ನೋಡಲಿಲ್ಲ. ಕಡೆಗೆ ಇಬ್ಬರ ಕೈಗೂ ದೊಡ್ಡ ಫೋನು ಬಂದ ಮೇಲೆ ಒಂದು ದಿನ ವೀಡಿಯೋ ಕಾಲ್‌ನಲ್ಲಿ ಕಾಣಿಸಿಕೊಂಡು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ಹಲಗೆ ಬರ್ಕೋಳ್ಲಾ, ಕುಂತ್ಕೋ" ಅಂದ.

ನಾನು ಸೀರೆ ಡಬ್ಬದ ರಟ್ಟಿನ ಮೇಲೆ ಗೆರೆ ಎಳೆದೆ, ಅವನು ಜಗಲಿ ಮೇಲೆ ಎಳೆದ. ಆದರೆ ಫೋನಿನಲ್ಲಿ ಚಿತ್ರ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಅವನು ಬೆರಳಿಟ್ಟದ್ದು ಯಾವ ಮನೆ ಅಂತ ನನಗೆ ಕಾಣದು. ಅದಕ್ಕೆ ಹನುಮಂತಣ್ಣ ಹಲಗೆಯ ಒಂದೊಂದು ಮನೆಗೂ ಒಂದೊಂದು ಊರಿನ ಹೆಸರಿಟ್ಟ. ತುದಿಯದು ಕಲ್ಯಾಣದುರ್ಗ, ತಳದ್ದು ಹಿಂದೂಪುರ, ನಡುವೆ ನಮ್ಮ ಸೀಮೆಯೆಲ್ಲಾ. ಗೋರಂಟ್ಲದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಹಳೆಯ ಜೊತೆಗಾರ ಬಾಬಯ್ಯ ಆಟ ನೋಡಲು ಅದೇ ಕಾಲ್‌ಗೆ ಸೇರಿಕೊಂಡ. "ಅಣ್ಣಾ, ನಮ್ಮೂರಾಗೆ ಮಾತ್ರ ಹುಲಿ ಬಿಡ್ಬ್ಯಾಡ, ಯಾಪಾರ ಕೆಡ್ತೈತೆ" ಅಂತ ಅವನ ತಮಾಷೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಹನುಮಂತಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಬಿತ್ತು. ಫೋನು ಮಾಡಿದರೆ ಮುಖ ತೋರಿಸುತ್ತಿರಲಿಲ್ಲ. "ಗೋಡೆ ಕಡೆ ತಿರುಕ್ಕೊಂಡವ್ರೆ ಕಣಪ್ಪ. ಮಾತಾಡಿಸ್ತಾ ಇರಿ ಅಂತಾರೆ ಡಾಕ್ಟ್ರು, ಇವ್ರು ಬಾಯೇ ಬಿಡಾಕಿಲ್ಲ," ಅಂದಳು ಲಕ್ಷ್ಮಕ್ಕ ಅತ್ತಿಗೆ.

"ಅತ್ಗೆ, ಹಲಗೆ ಪಕ್ಕದಾಗಿಡು. ನಾನು ಪಾವಗಡಕ್ಕೆ ಕುರಿ ಇಕ್ಕಿದೀನಿ ಅನ್ನು," ಅಂದೆ.

ಸ್ವಲ್ಪ ಹೊತ್ತು ಬರೀ ಗೋಡೆ ಕಾಣಿಸಿತು. ಆಮೇಲೆ ಅವನ ಸೊಟ್ಟಗಾದ ಮುಖ ಬಂತು. "ಪೆ... ಪೆ..." ಅಂದ.

"ಪೆನುಕೊಂಡಕ್ಕಾ, ಅಣ್ಣಾ?"

ತಲೆ ಆಡಿಸಿದ. ಹುಲಿ ಪೆನುಕೊಂಡಕ್ಕೆ ಬಂತು.

ಅಲ್ಲಿಂದ ದಿನಕ್ಕೊಂದು ಊರು. ಊರಿನ ಹೆಸರು ಬಾಯಿಂದ ಹೊರಡುವ ತನಕ ಹುಲಿ ನಡೆಯುವ ಹಾಗಿಲ್ಲ. ನಾನೂ ಬಾಬಯ್ಯನೂ ಕಾಯುತ್ತಿದ್ದೆವು. ಮಗ್ಗ ಕಾಯುತ್ತಿದೆ ಅಂತ ನಾನು ಒಂದು ದಿನವೂ ಎದ್ದು ಹೋಗಲಿಲ್ಲ.

ಆದರೆ ಒಂದು ತಪ್ಪು ಮಾಡಿದೆ. ಪಾಪ ಅನ್ನಿಸಿ ಕುರಿಗಳನ್ನು ಬೇಕಂತಲೇ ಹುಲಿಯ ಬಾಯಿಗೆ ಇಡತೊಡಗಿದೆ. ನಾಲ್ಕು ದಿನ ತಿಂದ. ಐದನೆಯ ದಿನ ಮಡಕಶಿರದಲ್ಲಿ ನಾನು ಬಿಟ್ಟ ಕುರಿಯನ್ನು ನೋಡಿದ, ನನ್ನನ್ನು ನೋಡಿದ, ಫೋನು ಕತ್ತರಿಸಿದ. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ.

ಒಂದು ವಾರ ಕಳೆದು ಅವನೇ ಮಾಡಿದ. ಬೆವರು ಸುರಿಯುತ್ತಿತ್ತು.

"ನಾಗ. ನನ್... ಹುಲಿಗೆ... ದಾನ ಬ್ಯಾಡ."

ನನಗೆ ನಾಚಿಕೆಯಾಯಿತು. ಇನ್ನೊಬ್ಬರು ಬಿಟ್ಟುಕೊಟ್ಟದ್ದನ್ನು ನಾನು ಈವತ್ತಿನವರೆಗೂ ತಿಂದವನಲ್ಲ. ಆ ಹಟವನ್ನು ಕಲಿತದ್ದು ಇವನ ಪಕ್ಕದ ಮಗ್ಗದಲ್ಲೇ. "ಆಯ್ತಣ್ಣಾ, ಇನ್ಮ್ಯಾಕೆ ಕರುಣೆ ಇಲ್ಲ," ಅಂದೆ.

ಕರುಣೆ ಬಿಟ್ಟು ಆಡಿದರೂ ಗೆದ್ದವನು ಅವನೇ. ತಿಂಗಳುಗಟ್ಟಲೆ ಗೆದ್ದ. ಒಂದೊಂದು ಗೆಲುವಿಗೂ ಮಾತು ತಿಳಿಯಾಗುತ್ತಾ ಬಂತು, ಬೈಗುಳ ಎಲ್ಲಕ್ಕಿಂತ ಮುಂಚೆ ಪೂರ್ತಿ ವಾಪಸು ಬಂತು. ಬಲಗೈಯಲ್ಲೇ ಹುಲಿ ನಡೆಸುತ್ತೇನೆಂದು ಹಟ ಹಿಡಿದ. ಹುಲಿ ಕೈಜಾರಿ ಬಿದ್ದರೆ ಎತ್ತಿಕೊಡಲು ಅತ್ತಿಗೆಯನ್ನೂ ಬಿಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನ ಎರಡು ಹುಲಿ ಸೆಟ್ಟೂರು, ಕಂಬದೂರುಗಳಲ್ಲಿ ಸಿಕ್ಕಿಬಿದ್ದವು. ಮೂರನೆಯದು ಕಲ್ಯಾಣದುರ್ಗದಲ್ಲಿತ್ತು. ನಾನು ಕೊನೆಯ ಕುರಿಯನ್ನು ಒಂದು ಮನೆ ಮುಂದೆ ಸರಿಸಿದೆ. ಹನುಮಂತಣ್ಣ ಹಲಗೆಯನ್ನು ಬಹಳ ಹೊತ್ತು ನೋಡಿದ. ಕುರಿಗಳ ಹಿಂದಿನ ಮನೆಗಳನ್ನೆಲ್ಲಾ ಬೆರಳಿಟ್ಟು ಹುಡುಕಿದ. ಎಲ್ಲೂ ದಾರಿ ಇರಲಿಲ್ಲ.

"ಬಾಬಯ್ಯಾ, ನೋಡ್ದೇನ್ಲಾ? ಈ ನನ್ಮಗ ನನ್ ಮೂರು ಹುಲೀನೂ ಕಟ್ಬುಟ್ಟ," ಅಂದ. ಎಲ್ಲೂ ತಡವರಿಸಲಿಲ್ಲ.

"ಸೋತು ನಗ್ತೀಯಲ್ಲಣ್ಣಾ," ಅಂದ ಬಾಬಯ್ಯ.

"ನಗದೆ ಇನ್ನೇನ್ಲಾ? ನಾನು ಕಾಯಿಲೆಯೋನಾಗಿದ್ರೆ ಇವ್ನು ಹಿಂಗೆ ಕಟ್ತಿದ್ನಾ?" ಅಂದವನೇ ಒಳಗೆ ಕೂಗಿದ. "ಲಕ್ಷ್ಮೀ, ಕೇಸರಿಬಾತ್ ಮಾಡು. ನಾಗ ಗೆದ್ದವ್ನೆ."

"ಅವ್ನಿರೋದು ಹಿಂದೂಪುರದಾಗೆ. ತಿನ್ನೋರ್ಯಾರು?"

"ನಾನು ತಿಂತೀನಿ. ಅವ್ನು ನೋಡ್ಲಿ."

ಕೇಸರಿಬಾತ್ ಆಗುವವರೆಗೂ ಫೋನು ಇಡಲು ಬಿಡಲಿಲ್ಲ. ತಟ್ಟೆಯನ್ನು ಎಡಗೈಲಿ ಹಿಡಿದು, ಬಲಗೈಯಿಂದ ತುತ್ತು ಎತ್ತಿ, ಒಂದು ಚೂರೂ ಚೆಲ್ಲದೆ ನನ್ನನ್ನೇ ನೋಡುತ್ತಾ ತಿಂದ. "ತುಪ್ಪ ಮುಂದಾಗೈತೆ ಕಣ್ಲಾ, ನಿನಗೆ ಹೊಟ್ಟೆ ಉರೀಲಿ," ಅಂದ. ನಾನೂ ಬಾಬಯ್ಯನೂ ತಟ್ಟೆ ಖಾಲಿಯಾಗುವ ತನಕ ಕುಳಿತು ನೋಡಿದೆವು.

ಮಾರನೆಯ ದಿನದ ಆಟಕ್ಕೆ ಅವನು ಉಳಿಯಲಿಲ್ಲ. ಅವನನ್ನು ನಾನು ಕಡೆಯದಾಗಿ ಕಂಡದ್ದು ಹಾಗೆ, ಬೆರಳು ನೆಕ್ಕುತ್ತಾ.