ಅರ್ಧ ಮಾತ್ರೆ, ಇಡೀ ರಾತ್ರಿ

ಕಿಟಕಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಆಯಾ ಎಡಗೈಯನ್ನು ಅಜ್ಜಿಯ ಬೆನ್ನಿಗೆ ಕೊಟ್ಟು ಮೆಲ್ಲಗೆ ಎಬ್ಬಿಸಿ ಕೂರಿಸುತ್ತಾರೆ. ಗ್ಯಾಸಿನ ಮಾತ್ರೆ ಈಗ, ಮಣಿಕಟ್ಟಿನ ನೋವಿನದು ತಿಂಡಿಯಾದ ಮೇಲೆ. ನುಂಗಿದ ಹಾಗೆ ನಟಿಸಿ ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸುವುದರಲ್ಲಿ ಅಜ್ಜಿ ಎತ್ತಿದ ಕೈ. ನಾಲಿಗೆ ಎತ್ತಿ ತೋರಿಸಿ ಎಂದರೆ, "ಮೊದಲು ನಂಬರ್ ಹೇಳಿ. ಲೈನ್ ಬಿಜಿ ಇದೆ" ಎಂದು ಗದರುತ್ತಾರೆ.

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಅದೂ ರಾತ್ರಿ ಪಾಳಿಯಲ್ಲಿ. ನೆನಪುಗಳೆಲ್ಲ ಒಂದೊಂದಾಗಿ ಕೈಕೊಟ್ಟರೂ ಆ ಪಾಳಿಯೊಂದು ಬಿಟ್ಟು ಹೋಗಿಲ್ಲ. ಊರೆಲ್ಲ ಮಲಗಿದ ಮೇಲೆ ಇವರ ಡ್ಯೂಟಿ ಶುರು. ಯಾರಿಗೋ ಯಾರನ್ನೋ ಜೋಡಿಸುತ್ತಾರೆ, ಕಾಯಿರಿ ಎನ್ನುತ್ತಾರೆ, ಜಗಳ ಕಾಯುತ್ತಾರೆ, ನಗುತ್ತಾರೆ. ಇದಕ್ಕೆಲ್ಲ ಜೊತೆಗಿರುವವರು ಈ ಆಯಾ. ವಯಸ್ಸು ಐವತ್ತು ದಾಟಿದ್ದರೂ ಅಜ್ಜಿಯ ಬಾಯಲ್ಲಿ ಇವರಿನ್ನೂ 'ಹುಡುಗಿ'.

ಸಂಜೆ ಏಳಕ್ಕೆ ಬಂದರೆ ಬೆಳಿಗ್ಗೆ ಏಳರ ತನಕ ಇಲ್ಲೇ. ಮಗ್ಗುಲು ಬದಲಿಸುವುದು, ಒದ್ದೆಯಾದ ಬಟ್ಟೆ ತೆಗೆಯುವುದು, ಅಂಗಾಲು ತಿಕ್ಕುವುದು. ನರ್ಸಿಂಗ್ ಓದಿದವರಲ್ಲ, ಮಾಡುತ್ತ ಮಾಡುತ್ತ ಕಲಿತದ್ದು. ಇಲ್ಲಿಂದ ಹೊರಟು ಒಂದು ಹಾಸ್ಟೆಲಿನಲ್ಲಿ ಮಧ್ಯಾಹ್ನದವರೆಗೆ ಪಾತ್ರೆ ತೊಳೆಯುತ್ತಾರೆ. ಮನೆಯಲ್ಲಿ ಗಂಡ ಬೆನ್ನು ಮುರಿದು ಹಾಸಿಗೆ ಹಿಡಿದಿದ್ದಾನೆ. "ನನಗೆ ನಿಂತ್ಕೊಂಡೇ ನಿದ್ದೆ ಮಾಡೋಕೆ ಬರುತ್ತೆ, ಕುದುರೆ ಥರ" ಎಂದು ನಗುತ್ತಾರೆ. ನಗು ಬಹಳ ಹೊತ್ತು ಉಳಿಯುವುದಿಲ್ಲ.

ಇವರ ಬಗ್ಗೆ ಬರೆಯಿರಿ ಎಂದು ಪತ್ರಿಕೆಗೆ ಫೋನ್ ಮಾಡಿದವರು ಅಜ್ಜಿಯ ಮಗಳು. ಹಗಲು ಅಮ್ಮನನ್ನು ನೋಡಿಕೊಳ್ಳುವುದು ಅವರೇ; ಆಯಾ ಅವರನ್ನು 'ಅಕ್ಕ' ಎನ್ನುತ್ತಾರೆ. ಆಯಾ ಬಂದ ಮೇಲೆ ಅಮ್ಮ ಎಷ್ಟೋ ದಿನ ಮಗುವಿನ ಹಾಗೆ ಮಲಗಿದರು, ಎಲ್ಲ ಅವರ ಕೈಗುಣ ಎಂದು ಬಾಯಿ ತುಂಬ ಹೊಗಳಿದ್ದರು. ಆ ಮಾತು ಕೇಳಿದಂದಿನಿಂದ ಆಯಾಗೆ ಅನ್ನ ಸೇರುತ್ತಿಲ್ಲ.

ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅವರು ನೆಲ ನೋಡುತ್ತಲೇ ಹೇಳುತ್ತಾರೆ. "ಬರೆಯೋದಾದ್ರೆ ಇದನ್ನೂ ಬರೀರಿ. ಇಲ್ಲಾಂದ್ರೆ ಬೇಡವೇ ಬೇಡ."

ಅಜ್ಜಿಗೆ ನಿದ್ದೆ ಮಾತ್ರೆ ಬರೆದಾಗ ಡಾಕ್ಟರು ಬಿಡಿಸಿ ಹೇಳಿದ್ದರಂತೆ: ತೀರಾ ಹಟ ಹಿಡಿದು ಎದ್ದೆದ್ದು ಓಡುವ ರಾತ್ರಿ ಮಾತ್ರ, ಅದೂ ಅರ್ಧ. ಅಂಥದೊಂದು ರಾತ್ರಿ ಆಯಾ ಅರ್ಧ ಕೊಟ್ಟರು. ಅಜ್ಜಿ ಮಲಗಿದರು, ಇವರೂ ಮಲಗಿದರು. ಎಷ್ಟೋ ತಿಂಗಳ ಮೇಲೆ ಮೈ ಹಗುರಾಯಿತು. ಮರುರಾತ್ರಿ ಅಜ್ಜಿ ಹಟವನ್ನೇನೂ ಮಾಡಲಿಲ್ಲ, ಸುಮ್ಮನೆ ಹರಟುತ್ತಿದ್ದರು. ಆದರೂ ಕೊಟ್ಟರು. ಬರಬರುತ್ತ ಅರ್ಧ ಹೋಗಿ ಒಂದಾಯಿತು, ಚಮಚದಲ್ಲಿ ಪುಡಿ ಮಾಡಿ ಹಾಲಿಗೆ ಕದಡಿದ್ದೂ ಆಯಿತು. ಮಾತ್ರೆ ಮುಗಿಯಿತು ಎಂದರೆ ಮಗಳು ತಂದಿಡುತ್ತಿದ್ದರು. ಪರಿಚಯದ ಮೆಡಿಕಲ್ ಶಾಪಿನವನು ಚೀಟಿ ಕೇಳುತ್ತಿರಲಿಲ್ಲ.

"ಫೋನ್ ನಿಂತೇ ಹೋಯ್ತು. ಮನೆ ತಣ್ಣಗಾಯ್ತು. ಅಕ್ಕ ನನಗೆ ಸ್ವೆಟರ್ ಕೊಡಿಸಿದ್ರು. ಹಾಕ್ಕೊಂಡೆ, ನೋಡಿ, ಹಾಕ್ಕೊಂಡೆ ನಾನು."

ಹಾಗೇ ಒಂದು ಬೆಳಿಗ್ಗೆ, ಅಮಲಿಳಿಯದ ತಲೆಯಲ್ಲಿ ಅಜ್ಜಿ ಬಚ್ಚಲಿಗೆಂದು ಎದ್ದರು. ಕಾಲು ಸೋತು ಬಿದ್ದರು. ಬಿದ್ದ ಸದ್ದಿಗೇ ಆಯಾಗೆ ಎಚ್ಚರವಾದದ್ದು. ಮಣಿಕಟ್ಟು ಮುರಿದಿತ್ತು. ವಯಸ್ಸಾಯಿತಲ್ಲ, ಬೀಳುವುದು ಸಹಜ ಎಂದರು ಎಲ್ಲರೂ. ಆಯಾ ಬಾಯಿಗೆ ಬೀಗ ಹಾಕಿಕೊಂಡರು. ಮಾರನೆಯ ದಿನ ಒಬ್ಬರೇ ಹೋಗಿ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡರು. ಡಾಕ್ಟರು ನೀರಿಳಿಸಿದರು. ಒಮ್ಮೆಗೇ ನಿಲ್ಲಿಸಬಾರದೆಂದು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಮನೆಯವರಿಗೆ ನೀನೇ ಹೇಳಬೇಕು ಎಂದೂ ಹೇಳಿ ಕಳಿಸಿದರು.

ಹೇಳುವುದೊಂದು ಮಾತ್ರ ಆಗಿರಲಿಲ್ಲ. ಕೆಲಸ ಹೋದರೆ ಗಂಡನ ಗತಿಯೇನು ಎಂಬ ಭಯ ಒಂದು ಕಡೆ, ಅಕ್ಕನಿಗೆ ಮುಖ ತೋರಿಸುವುದು ಹೇಗೆ ಎಂಬ ನಾಚಿಕೆ ಇನ್ನೊಂದು ಕಡೆ. ದಿನಾ ಇವತ್ತು ಹೇಳುತ್ತೇನೆ ಎಂದು ಬರುವುದು, ಹಾಗೇ ನುಂಗಿಕೊಂಡು ಹೋಗುವುದು. "ನೋವಿನ ಮಾತ್ರೆ ಕೊಡುವಾಗೆಲ್ಲ ಈ ಕೈ ನೋಡ್ಕೊಂಡ್ರೆ ಅಸಹ್ಯ ಆಗುತ್ತೆ" ಎನ್ನುತ್ತಾರೆ. ಅಕ್ಕ ಇದನ್ನು ಭಾನುವಾರದ ಪೇಪರಿನಲ್ಲಿ ಓದಿ ತಿಳಿಯುವುದು ಬೇಡ ಎಂದು ಎದ್ದು ಹೋಗಿ, ಮಗಳನ್ನು ಕರೆತರುತ್ತಾರೆ. ಪತ್ರಿಕೆಯಿಂದ ಬಂದವರು ಹೊರಗೆ ಹೋಗಲು ಎದ್ದರೆ, ಇಲ್ಲೇ ಇರಿ ಎಂದು ತಡೆಯುತ್ತಾರೆ. ನಿಂತುಕೊಂಡೇ ಎಲ್ಲ ಹೇಳುತ್ತಾರೆ, ಸ್ವೆಟರ್ ಸಮೇತ.

ಮಗಳು ಉಕ್ಕಿ ಬರುತ್ತಿದ್ದ ಹಾಲಿನ ಕೆಳಗೆ ಉರಿ ಆರಿಸುತ್ತಾರೆ. ಪಾತ್ರೆಯನ್ನು ಕೆಳಗಿಳಿಸುತ್ತಾರೆ.

"ಮಾತ್ರೆ ಇಷ್ಟು ಬೇಗ ಹೇಗೆ ಮುಗೀತು ಅಂತ ನಾನು ಒಂದು ಸಲನೂ ಕೇಳಲಿಲ್ಲ" ಎನ್ನುತ್ತಾರೆ. "ನನಗೂ ನಿದ್ದೆ ಬೇಕಾಗಿತ್ತು."

ಕ್ಷಮಿಸಿದೆ ಎಂದು ಅವರು ಹೇಳುವುದಿಲ್ಲ. ಬಾಯಿ ಬರುತ್ತಿಲ್ಲ ಎನ್ನುತ್ತಾರೆ. ಹೋಗಿ ಎಂದೂ ಹೇಳುವುದಿಲ್ಲ. ಇನ್ನು ಮೇಲೆ ಒಂದು ರಾತ್ರಿ ತಾನು, ಒಂದು ರಾತ್ರಿ ಆಯಾ, ಸಂಬಳ ಇದ್ದಷ್ಟೇ ಇರಲಿ ಎಂದಷ್ಟೇ ಹೇಳಿ ಹಾಲು ಬಗ್ಗಿಸುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕೋಣೆಯಿಂದ ಅಜ್ಜಿಯ ದನಿ ಕೇಳುತ್ತಿದೆ, ಯಾರಿಗೋ ಲೈನ್ ಸಿಕ್ಕಿದೆ. ನಿನ್ನೆಯ ರಾತ್ರಿಯಿಡೀ ಹೀಗೇ, ರೆಪ್ಪೆ ಮುಚ್ಚಿಲ್ಲ. ಆಯಾ ಕೂಡ ಮುಚ್ಚಿಲ್ಲ. ಅದನ್ನು ಹೇಳುವಾಗ ಮಾತ್ರ ಅವರ ತಲೆ ಸ್ವಲ್ಪ ಮೇಲೇಳುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ ಬಾಗಿಲ ಕಡೆ ನೋಡುತ್ತಾರೆ. "ಅಜ್ಜಿ ಹತ್ರ ದಿನಾ ಬೆಳಿಗ್ಗೆ ತಪ್ಪಾಯ್ತು ಅಂತೀನಿ. ಯಾಕೆ ಅಂತ ಕೇಳ್ತಾರೆ, ಎಲ್ಲ ಹೇಳ್ತೀನಿ. ಚೆನ್ನಾಗಿ ಬೈತಾರೆ. ಸಂಜೆ ಬರೋಷ್ಟರಲ್ಲಿ ಮರೆತುಹೋಗಿರುತ್ತೆ. ಮುರಿದ ಕೈಯಲ್ಲೇ ನನ್ನ ಕೈ ಹಿಡ್ಕೊಂಡು, ಬಂದ್ಯಾ ಹುಡುಗಿ, ನೀನಿದ್ರೆ ಧೈರ್ಯ ಅಂತಾರೆ. ಒಂದೇ ಒಂದು ಸಂಜೆ ಅವರಿಗೆ ನೆನಪಿರಬೇಕು. ನನ್ನ ನೋಡಿ ಮುಖ ತಿರುಗಿಸ್ಬೇಕು. ಅಷ್ಟಾದ್ರೆ ಸಾಕು."